ಅತಿಥಿಯ ಬಿಲ್ಲೆ

ನೆಂಟರು ಬರುತ್ತಾರೆಂದರೆ ಮನೆ ಗುಡಿಸುವವರನ್ನು ಎಲ್ಲರೂ ನೋಡಿದ್ದಾರೆ. ಬೋಟಿನ ಇಂಜಿನ್ ರಿಪೇರಿ ಮಾಡುವ ಈ ಮೆಕ್ಯಾನಿಕ್ ಮಾತ್ರ ಇಡೀ ದ್ವೀಪವನ್ನೇ ಗುಡಿಸಲು ಹೊರಟಿದ್ದ. ದಡದ ಪಟ್ಟಣದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಬಾಲ್ಯದ ಗೆಳೆಯ, ಹೆಂಡತಿಯನ್ನು ಕರೆದುಕೊಂಡು ಶನಿವಾರದ ಲಾಂಚಿಗೆ ಬರುತ್ತಾನೆಂದು ಗೊತ್ತಾದಾಗಿನಿಂದ ಇವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲಾಂಚು ನಿಲ್ಲುವ ಧಕ್ಕೆಯ ಬಳಿ ಮಗುಚಿ ಬಿದ್ದಿದ್ದ ಕೊಳೆತ ದೋಣಿಯನ್ನು ಅವರಿವರ ಕೈಕಾಲು ಹಿಡಿದು ಗೋದಾಮಿನ ಹಿಂದಕ್ಕೆ ತಳ್ಳಿಸಿದ. ಬೀಗ ಬಿದ್ದ ಮನೆಗಳ ಮುಂದೆ ಆಳೆತ್ತರ ಬೆಳೆದಿದ್ದ ಕಳೆ ಕಿತ್ತ. ಬೇಕರಿಯವಳ ಬಳಿ ಹೋಗಿ, ಅವರು ಹಾದುಹೋಗುವಾಗ ಸ್ವಲ್ಪ ನಗುಮುಖ ಮಾಡಿಕೊಂಡಿರು ತಾಯಿ ಎಂದು ಹೇಳಿ ಬಂದ. ನಗುವಂಥದ್ದು ಇಲ್ಲೇನಿದೆ ಎಂದು ಅವಳು ಕೇಳಿದಳು.

ದಡಕ್ಕೂ ದ್ವೀಪಕ್ಕೂ ನಡುವೆ ಓಡುವುದು ಒಂದೇ ಲಾಂಚು. ಅದನ್ನು ಓಡಿಸುವ ಕಂಪನಿಯವರದು ಒಂದು ಹಠ. ದ್ವೀಪದಲ್ಲಿ ನಲವತ್ತು ಒಲೆ ಉರಿಯುತ್ತಿದ್ದರೆ ಲಾಂಚು ದಿನಾ ಬರುತ್ತದೆ, ಒಂದು ಒಲೆ ಕಡಿಮೆಯಾದರೂ ವಾರಕ್ಕೊಮ್ಮೆ. ಲೆಕ್ಕ ನೋಡಲು ಕಂಪನಿಯ ಎಣಿಕೆಯವನು ವರ್ಷಕ್ಕೊಂದು ಸಲ ಬರುತ್ತಾನೆ. ಮೊದಲೆಲ್ಲ ಅವನು ಬೀದಿಯಲ್ಲೇ ನಿಂತು ತೆರೆದ ಬಾಗಿಲುಗಳನ್ನು ಎಣಿಸುತ್ತಿದ್ದ. ಹೋದ ವರ್ಷ ಬೇಕರಿಯವಳು ತನ್ನ ಬಾಗಿಲಲ್ಲಿ ನಿಂತು ಎಣಿಸಿಕೊಂಡು, ಹಿತ್ತಿಲಿನಿಂದ ಓಡಿ, ಪಕ್ಕದ ಖಾಲಿ ಮನೆಗೆ ನುಗ್ಗಿ, ಬೇರೆ ಶಾಲು ಹೊದ್ದು ಅಲ್ಲಿಯೂ ಎಣಿಸಿಕೊಂಡಳು. ಆಸೆ ಹೆಚ್ಚಾಗಿ ಮೂರನೇ ಬಾಗಿಲಿಗೂ ಹೋಗಿ, ಏದುಸಿರು ಬಿಡುತ್ತಾ ನಿಂತು ಸಿಕ್ಕಿಬಿದ್ದಳು. ಮುಂದಿನ ಸಲ ಅಡುಗೆಮನೆಗೇ ಬಂದು ಒಲೆಯ ಬಿಸಿ ಮುಟ್ಟಿ ನೋಡುತ್ತೇನೆ ಎಂದು ಎಣಿಕೆಯವನು ಹೇಳಿ ಹೋಗಿದ್ದ. ಅದನ್ನು ನೆನೆದು ಊರು ಹೊಟ್ಟೆ ಹಿಡಿದು ನಕ್ಕಿತ್ತು. ಆಮೇಲೆ ಕ್ಷೌರದವನು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ, ಮೂವತ್ತೊಂಬತ್ತು ಒಲೆ ಉಳಿದವು, ನಗುವೂ ನಿಂತಿತು.

ಉಳಿದವರಿಗೆ ಲಾಂಚು ತಪ್ಪಿದರೆ ಕಷ್ಟ. ಮೆಕ್ಯಾನಿಕ್‌ಗೆ ಅದು ಹೆಂಡತಿಯ ಜೀವದ ಮಾತು. ಅವಳ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ದಡದ ಆಸ್ಪತ್ರೆಗೆ ಹೋಗಿ ಮೆಷಿನ್ನಿಗೆ ಮೈಯೊಡ್ಡಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕಾಗಿತ್ತು. ವಾರಕ್ಕೊಂದೇ ಲಾಂಚು ಎಂದಾದರೆ ಅವಳಿಗೆ ಎಷ್ಟು ದಿನ ಎಂದು ಡಾಕ್ಟರನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ದಡಕ್ಕೆ ಹೋಗಿ ನೆಲೆಸೋಣವೆಂದರೆ ಇಲ್ಲಿಯ ಮನೆ ಕೊಳ್ಳುವವರಿಲ್ಲ, ಅಲ್ಲಿ ಈ ವಯಸ್ಸಿನಲ್ಲಿ ಕೆಲಸ ಕೊಡುವವರಿಲ್ಲ. ಆದ್ದರಿಂದ ಅವನಿಗೆ ಬೇಕಾಗಿದ್ದುದು ಒಂದೇ ಒಂದು ಒಲೆ. ಕ್ಷೌರದವನು ಬಿಟ್ಟುಹೋದ ಅಂಗಡಿಗೆ, ಅದರ ಹಿಂದಿನ ಎರಡು ಕೋಣೆಗೆ ತಾನೇ ಸುಣ್ಣ ಬಳಿದ. ಬೆಳಕು ಬೀಳುವ ಕಿಟಕಿಯ ಕೆಳಗೆ ಗಡಿಯಾರ ಬಿಚ್ಚಲು ಅನುಕೂಲವಾಗುವ ಎತ್ತರಕ್ಕೆ ಬೆಂಚು ಹೊಡೆದ. ಒಲೆಯ ಪಕ್ಕ ಒಣ ಸೌದೆ ಒಟ್ಟಿ, ಬೀಗ ಹಾಕಿ, ಕೀಲಿಕೈಯನ್ನು ಜೇಬಿನಲ್ಲಿ ಇಟ್ಟುಕೊಂಡ.

ಗೆಳೆಯನಿಗೆ ಇದೇನನ್ನೂ ತಿಳಿಸಿರಲಿಲ್ಲ. ಬಾ, ನಾನಿರುವ ಜಾಗ ನೋಡು ಎಂದಷ್ಟೇ ಹೇಳಿ ಕಳಿಸಿದ್ದ. ರಸ್ತೆ ಅಗಲ ಮಾಡುವಾಗ ಗೆಳೆಯನ ಅಂಗಡಿ ಹೋಗಿದೆ, ಈಗ ಮನೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ನೊಣ ಹೊಡೆಯುತ್ತಿದ್ದಾನೆ ಎಂಬ ಸುದ್ದಿ ಬಂದಿತ್ತು. ಜಾಗ ಕಣ್ಣಿಗೆ ಹಿಡಿಸಿಬಿಟ್ಟರೆ ಉಳಿದದ್ದು ತಾನಾಗಿಯೇ ಆಗುತ್ತದೆ ಎಂಬುದು ಮೆಕ್ಯಾನಿಕ್‌ನ ಲೆಕ್ಕಾಚಾರ. ಬಾಯಿಬಿಟ್ಟು ಕೇಳಿ, ಗೆಳೆಯ ಮುಖ ತಿರುಗಿಸಿದರೆ ಏನು ಮಾಡುವುದು ಎಂಬ ಅಳುಕೂ ಇತ್ತು.

ಹಿಂದಿನ ದಿನ ಗಂಡ ಹೆಂಡತಿಗೆ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ದ್ವೀಪದ ಹಿಂಭಾಗದಲ್ಲಿ ಸಮುದ್ರ ಇಳಿದಾಗ ಮರಳಿನ ದಾರಿಯೊಂದು ತೆರೆಯುತ್ತದೆ. ಅದರ ಮೇಲೆ ನಡೆದುಹೋದರೆ ಆಚೆ ಒಂದು ಬಂಡೆಗುಡ್ಡ, ಗುಡ್ಡದ ಮೇಲೆ ಹಳೆಯ ಕಾವಲುಮನೆ. ಗೆಳೆಯನನ್ನು ಅಲ್ಲಿಗೆ ಕರೆದೊಯ್ಯುವುದು ಮೆಕ್ಯಾನಿಕ್‌ನ ಯೋಜನೆಯ ಕಿರೀಟ. ಹೆಂಡತಿ ಬಟ್ಟೆ ಮಡಿಸುತ್ತಾ, ಹೋಗುವ ಮುಂಚೆ ಅವರಿಗೆ ಅಂಚೆಯವನ ಕಥೆ ಹೇಳಿ ಎಂದಳು. ಎರಡು ವರ್ಷದ ಕೆಳಗೆ ಅಂಚೆಯವನು ಗುಡ್ಡದಲ್ಲಿ ಹೊತ್ತು ಮೀರಿಸಿ, ನೀರು ಬರುತ್ತಿರುವುದನ್ನು ನೋಡಿ, ಓಡಿ ದಾಟಿಬಿಡೋಣವೆಂದು ಇಳಿದು ನಡುದಾರಿಯ ತಗ್ಗಿನಲ್ಲಿ ಹೋಗಿಬಿಟ್ಟಿದ್ದ. ದಾರಿಯ ಎರಡೂ ತುದಿ ಒಣಗಿಯೇ ಇರುವಾಗ ನಡುವಿನ ತಗ್ಗು ಮೊದಲು ತುಂಬುತ್ತದೆ. ಗುಡ್ಡದ ಮೇಲೇ ಕೂತಿದ್ದರೆ ಅವನ ಕೂದಲೂ ಕೊಂಕುತ್ತಿರಲಿಲ್ಲ.

"ಹೊತ್ತಾದ್ರೆ ಗುಡ್ಡ ಬಿಟ್ಟು ಇಳೀಬೇಡಿ ಅಂತ ಒಂದು ಮಾತು ಹೇಳೋಕೆ ನಿಮಗೇನು ಕಷ್ಟ?" ಎಂದಳು.

"ಬಂದ ದಿನಾನೇ ಹೆಣದ ಕಥೆ ಹೇಳಿದ್ರೆ ಸಂಜೆ ಲಾಂಚಿಗೇ ವಾಪಸ್ ಹೋಗ್ತಾರೆ. ನಾನು ಜೊತೇಲೇ ಇರ್ತೀನಲ್ಲ."

ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಯಾರಿಗೋಸ್ಕರ ಅವನು ಇಷ್ಟು ಒದ್ದಾಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅದು ಅವಳ ಬಾಯಿ ಕಟ್ಟಿಹಾಕಿತ್ತು.

ಶನಿವಾರ ಗಡಿಯಾರದವನು ಲಾಂಚಿನಿಂದ ಇಳಿದ. ಮೊದಲಿನಂತೆಯೇ ಕಡ್ಡಿ ಪೈಲ್ವಾನ್, ತಲೆ ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಎಲ್ಲಿಗೆ ಹೋದರೂ ಬಿಡದ ಉಪಕರಣಗಳ ಚರ್ಮದ ಸುರುಳಿ ಕಂಕುಳಲ್ಲಿತ್ತು. ಅವನ ಹೆಂಡತಿ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದವಳು. ಮಾತು ಕಡಿಮೆ, ಕಣ್ಣು ಚುರುಕು. ಗೆಳೆಯರಿಬ್ಬರೂ ಧಕ್ಕೆಯ ಮೇಲೇ ಒಬ್ಬರ ಹೊಟ್ಟೆಯನ್ನು ಒಬ್ಬರು ತಟ್ಟಿ ನೋಡಿ, ನೀನು ಮುದುಕನಾದೆ, ನೀನೇನು ಮದುಮಗನೇ ಎಂದು ಬೈದಾಡಿಕೊಂಡರು. ಮೆಕ್ಯಾನಿಕ್ ಬಹಳ ದಿನದ ಮೇಲೆ ಗಂಟಲು ಬಿಟ್ಟು ನಕ್ಕ.

ಬೀದಿ ತೋರಿಸಿದ. ಬೇಕರಿಯವಳು ಅವನು ಹೇಳಿದ್ದನ್ನು ಮರೆಯದೆ ಹಲ್ಲು ಕಿರಿದಳು. ಅದನ್ನು ನೋಡಿದ ಗಡಿಯಾರದವನು ಆಯಮ್ಮನಿಗೆ ಹಲ್ಲುನೋವೇ ಎಂದು ಪಿಸುಗುಟ್ಟಿದ. ಎಣ್ಣೆ ವಾಸನೆಯ ತನ್ನ ಷೆಡ್ಡು, ಸರಪಳಿಯಲ್ಲಿ ತೂಗುತ್ತಿದ್ದ ಇಂಜಿನ್, ನೀರಿನ ಟ್ಯಾಂಕು, ಖಾಲಿ ಶಾಲೆಯ ಅಂಗಳ, ಎಲ್ಲವನ್ನೂ ಮೆಕ್ಯಾನಿಕ್ ಹುಡುಗಿ ತೋರಿಸುವವರ ಹಾಗೆ ಒಳ್ಳೆಯ ಕಡೆಯಿಂದಲೇ ತೋರಿಸಿದ. ಸುಣ್ಣ ಬಳಿದ ಅಂಗಡಿಯ ಮುಂದೆ ಬೇಕೆಂದೇ ಒಂದು ಗಳಿಗೆ ನಿಂತ. ಗಡಿಯಾರದವನು ಗಾಜಿಗೆ ಹಣೆ ಒತ್ತಿ ಒಳಗಿನ ಬೆಂಚು ನೋಡಿದ, ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡಿದ.

"ಬೆಳಕು ಚೆನ್ನಾಗಿ ಬೀಳುತ್ತೆ. ಯಾರದು ಇದು?" ಎಂದು ಕೇಳಿದ.

ಸದ್ಯಕ್ಕೆ ಯಾರದೂ ಅಲ್ಲ ಎಂದು ಮೆಕ್ಯಾನಿಕ್ ಏನೂ ಇಲ್ಲದವನಂತೆ ಹೇಳಿದ. ಒಳಗೊಳಗೇ ಅವನ ಎದೆ ಕುಣಿಯುತ್ತಿತ್ತು. ತೆರೆದು ತೋರಿಸಿದರೆ ತವಕ ಬಯಲಾಗುತ್ತದೆ, ನಾಳೆ ತೆರೆದರಾಯಿತು ಎಂದುಕೊಂಡು ಜೇಬಿನ ಕೀಲಿಕೈಯನ್ನು ಜೇಬಿನಲ್ಲೇ ತಡವಿದ.

ಊಟವಾದ ಮೇಲೆ ಮೂವರೂ ಹಿಂಭಾಗಕ್ಕೆ ಹೊರಟರು. ಮೆಕ್ಯಾನಿಕ್‌ನ ಹೆಂಡತಿ ಸುಸ್ತೆಂದು ಮನೆಯಲ್ಲೇ ಉಳಿದಳು. ಮರಳಿನ ದಾರಿಯ ಮೊದಲಿಗೆ ಒಂದು ಕಬ್ಬಿಣದ ಗೇಟು, ಪಕ್ಕದಲ್ಲಿ ಕಾವಲಿನ ಗೂಡು. ಗೂಡಿನ ಗೋಡೆಗೆ ಮೊಳೆ ಹೊಡೆದ ಹಲಗೆ, ಒಂದೊಂದು ಮೊಳೆಗೂ ಒಂದೊಂದು ಹಿತ್ತಾಳೆಯ ಬಿಲ್ಲೆ. ಆಚೆ ಹೋಗುವವರು ಒಂದು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದ ಮೇಲೆ ಮತ್ತೆ ಅದನ್ನು ಮೊಳೆಗೆ ಹಾಕಬೇಕು. ನೀರು ತಿರುಗುವ ಹೊತ್ತಿಗೆ ಗೇಟಿನ ಮುದುಕ ಹಲಗೆ ನೋಡುತ್ತಾನೆ. ಒಂದು ಮೊಳೆ ಖಾಲಿ ಇದ್ದರೂ ಸೈರನ್ ಒತ್ತುತ್ತಾನೆ, ಆ ಬಿಲ್ಲೆ ಬರುವ ತನಕ ನಿಲ್ಲಿಸುವುದಿಲ್ಲ, ತೀರಾ ತಡವಾದರೆ ದೋಣಿ ಬಿಡಿಸುತ್ತಾನೆ. ಹಲಗೆ ತುಂಬಿದ್ದರೆ ಗೇಟಿಗೆ ಬೀಗ ಜಡಿದು ಮನೆಗೆ ಹೋಗುತ್ತಾನೆ. ಅಂಚೆಯವನು ಬಿಲ್ಲೆ ತೆಗೆದುಕೊಳ್ಳದೆ ಹೋಗಿದ್ದ. ಆಮೇಲಿಂದ ಮುದುಕ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ.

ಗಡಿಯಾರದವನು ತನ್ನ ಬಿಲ್ಲೆಗೆ ಕೈ ಚಾಚಿದ. ಮೆಕ್ಯಾನಿಕ್ ಅವನ ಕೈ ತಡೆದು ಮೂರೂ ಬಿಲ್ಲೆ ತೆಗೆದು ತನ್ನ ಜೇಬಿಗೆ ಇಳಿಸಿದ. ದ್ವೀಪದಲ್ಲಿ ಅತಿಥಿಯ ಬಿಲ್ಲೆ ಯಾವತ್ತೂ ಮನೆಯವರ ಜೇಬಿನಲ್ಲೇ ಇರಬೇಕು. ಬಂದವರ ಕೈಗೆ ಬಿಲ್ಲೆ ಕೊಡುವುದೆಂದರೆ, ನಿನ್ನನ್ನು ನೀನೇ ನೋಡಿಕೋ ಎಂದ ಹಾಗೆ. ಅದರಂಥ ಅವಮಾನ ಇನ್ನೊಂದಿಲ್ಲ. ವಾಪಸು ಬರುವಾಗಲೂ ಅಷ್ಟೇ, ಮುಂದೆ ನಡೆದವನು ಮನೆಯವರೆಲ್ಲರ ಬಿಲ್ಲೆ ಮೊಳೆಗೆ ಹಾಕುತ್ತಾನೆ. ಒದ್ದೆ ಬಟ್ಟೆಯಲ್ಲಿ ಬಂದವರನ್ನು ಒಬ್ಬೊಬ್ಬರಾಗಿ ಹಲಗೆಯ ಮುಂದೆ ನಿಲ್ಲಿಸುವುದು ಮರ್ಯಾದೆಯಲ್ಲ ಎಂದು ಹಿರಿಯರ ಕಾಲದಿಂದ ನಡೆದುಬಂದದ್ದು.

"ನನ್ನದು ನನ್ನ ಹತ್ರ ಇದ್ರೆ ಏನಾಗುತ್ತೋ?" ಎಂದು ಗಡಿಯಾರದವನು ಕೇಳಿದ.

"ನನ್ನ ಮಾನ ಹೋಗುತ್ತೆ. ನೀನು ಸುಮ್ನೆ ಕೈ ಬೀಸ್ಕೊಂಡು ಬಾ."

ಗೇಟಿನ ಮುದುಕ ಹೌದೆಂದು ತಲೆಯಾಡಿಸಿದ. ಸಂಪ್ರದಾಯ ಗೊತ್ತಿರುವ ಮನೆ ಎಂಬ ಮೆಚ್ಚುಗೆ ಅವನ ಮುಖದಲ್ಲಿತ್ತು.

ಕಾವಲುಮನೆಯೊಳಗೆ ಮೆಕ್ಯಾನಿಕ್ ಇಟ್ಟುಕೊಂಡಿದ್ದ ಗುಟ್ಟು ಗೋಡೆಯ ಮೇಲಿತ್ತು. ಬಾಗಿಲಗಲದ ಹಳೆಯ ಗಡಿಯಾರ, ಲೋಲಕ ತುಕ್ಕು ಹಿಡಿದು ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಅದು ನಡೆದದ್ದನ್ನು ನೋಡಿದವರು ದ್ವೀಪದಲ್ಲಿ ಯಾರೂ ಉಳಿದಿರಲಿಲ್ಲ. ಗಡಿಯಾರದವನು ಒಳಗೆ ಬಂದವನೇ ಮಾತು ನಿಲ್ಲಿಸಿದ. ಹತ್ತಿರ ಹೋಗಿ ಪೆಟ್ಟಿಗೆಗೆ ಕಿವಿ ಇಟ್ಟ. ಆಮೇಲೆ ಚರ್ಮದ ಸುರುಳಿ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಹಾಸಿದ. ಕಣ್ಣಿಗೆ ಗಾಜು ಏರಿಸಿ ಇನ್ನೊಬ್ಬರ ಮನೆಯ ಹಬ್ಬದೂಟಕ್ಕೆ ಕೂತವನಂತೆ ಅಂಗಿಯ ತೋಳು ಮಡಿಚಿದ. ಅವನ ಹೆಂಡತಿ ಮೆಕ್ಯಾನಿಕ್ ಕಡೆ ನೋಡಿ ನಕ್ಕಳು. ಅಂಗಡಿ ಹೋದಾಗಿನಿಂದ ಅವರ ಮುಖದಲ್ಲಿ ಈ ಕಳೆ ನೋಡಿರಲಿಲ್ಲ ಅಣ್ಣ, ಎಂದಳು. ಮೆಕ್ಯಾನಿಕ್‌ಗೆ ತಾನು ಗೆದ್ದೆ ಅನ್ನಿಸಿತು. ಹೆಂಡತಿಯ ಬಾಡಿದ ಮುಖ ಕಣ್ಣ ಮುಂದೆ ಬಂತು, ನಿನ್ನ ಲಾಂಚು ಎಲ್ಲೂ ಹೋಗಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿದ.

ಎಷ್ಟು ಹೊತ್ತು ಕಾದರೂ ಗಡಿಯಾರದವನು ಏಳುವ ಲಕ್ಷಣ ಕಾಣಲಿಲ್ಲ. ಗಾಳಿ ತಣ್ಣಗಾಗಿ ಅವನ ಹೆಂಡತಿ ನಡುಗತೊಡಗಿದಳು. ನೀವಿಬ್ಬರೂ ನಡೆಯುತ್ತಿರಿ, ಇದೊಂದು ಹಲ್ಲಿನ ಚಕ್ರ ಕೂರಿಸಿ ಹಿಂದೆಯೇ ಬರುತ್ತೇನೆ ಎಂದು ಅವನು ತಲೆ ಎತ್ತದೆ ಹೇಳಿದ. ಬಿಟ್ಟು ಹೋಗುವುದೋ ಬೇಡವೋ ಎಂದು ಮೆಕ್ಯಾನಿಕ್ ಒಂದು ಕ್ಷಣ ಯೋಚಿಸಿದ. ಅಂಚೆಯವನ ವಿಷಯ ನಾಲಿಗೆಯ ತುದಿಗೆ ಬಂತು. ಇಷ್ಟು ಖುಷಿಯಲ್ಲಿರುವವನ ಮುಂದೆ ಅದನ್ನು ಹೇಗೆ ಎತ್ತುವುದು ಎಂದು ನುಂಗಿಕೊಂಡ.

"ನೀರು ತಿರುಗಿದ ತಕ್ಷಣ ಸೈರನ್ ಕೂಗುತ್ತೆ. ಅದು ಕೂಗಿದ ಮೇಲೆ ಹೊರಟ್ರೂ ಕಾಲು ನೆನೆಯಲ್ಲ. ಅಲ್ಲೀವರೆಗೂ ನಿಶ್ಚಿಂತೆಯಾಗಿ ಮಾಡ್ಕೋ" ಎಂದ.

ಹಲಗೆ ತುಂಬಿದ್ದರೆ ಸೈರನ್ ಕೂಗುವುದಿಲ್ಲ ಎಂಬುದನ್ನು ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ದ್ವೀಪದಲ್ಲಿ ಹುಟ್ಟಿದ ಮಕ್ಕಳಿಗೂ ಅದು ಗೊತ್ತು.

ದಾರಿಯುದ್ದಕ್ಕೂ ಗೆಳೆಯನ ಹೆಂಡತಿಗೆ ಅಂಗಡಿಯ ಬಗ್ಗೆ ಹೇಳುತ್ತಾ ಬಂದ. ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಡಲು ಜಾಗವಿದೆ, ಬಾಡಿಗೆಯ ಮಾತೇ ಇಲ್ಲ, ಇಲ್ಲಿಯ ಬೋಟಿನವರಿಗೆ ಹಾಯಿಬಟ್ಟೆ ಹೊಲಿಯುವವರೇ ಗತಿಯಿಲ್ಲ. ಅವಳು ಹೂಂ ಹೂಂ ಎಂದು ಕೇಳುತ್ತಾ ನಡೆದಳು. ಗೇಟಿಗೆ ಬಂದಾಗ ಮೆಕ್ಯಾನಿಕ್ ಒಮ್ಮೆ ತಿರುಗಿ ನೋಡಿದ. ದೂರದಲ್ಲಿ ಮರಳಿನ ಮೇಲೆ ಒಂದು ತೆಳ್ಳಗಿನ ಆಕಾರ ಈ ಕಡೆಗೆ ಬರುತ್ತಿತ್ತು. ಬಂದನಲ್ಲ ಎಂದುಕೊಂಡ. ಬಾಯಿ ಹಾಯಿಬಟ್ಟೆಯ ಮಾತು ಮುಂದುವರಿಸುತ್ತಲೇ ಇತ್ತು, ಕೈ ಇಷ್ಟು ವರ್ಷದ ಅಭ್ಯಾಸದಂತೆ ಜೇಬಿಗೆ ಹೋಯಿತು, ಬಿಲ್ಲೆಗಳನ್ನು ಒಂದಾದ ಮೇಲೊಂದು ಮೊಳೆಗೆ ಹಾಕಿತು. ಮೂರೂ.

ಬರುತ್ತಿದ್ದದ್ದು ಚಿಪ್ಪು ಆಯುವ ಮುದುಕಿ. ಅವಳು ದ್ವೀಪದಂಚು ಬಿಟ್ಟು ದೂರ ಹೋಗುವವಳಲ್ಲ, ಅವಳಿಗೆ ಬಿಲ್ಲೆ ಬೇಕಾಗಿರಲಿಲ್ಲ. ಅವಳು ಬುಟ್ಟಿ ಹೊತ್ತು ಪಕ್ಕದ ಕಾಲುದಾರಿಯಲ್ಲಿ ತನ್ನ ಮನೆಗೆ ಹೋದಳು. ಅಷ್ಟರಲ್ಲಿ ನೀರು ತಿರುಗಿತು. ಗೇಟಿನ ಮುದುಕ ಕನ್ನಡಕ ಒರೆಸಿಕೊಂಡು ಹಲಗೆ ನೋಡಿದ. ಒಂದು ಮೊಳೆಯೂ ಖಾಲಿ ಇರಲಿಲ್ಲ. ಅವನು ಗೇಟಿಗೆ ಬೀಗ ಹಾಕಿ ಮನೆಗೆ ನಡೆದ.

ಮನೆಯಲ್ಲಿ ಚಹಾ ಕುದಿಯುತ್ತಿತ್ತು. ಗಡಿಯಾರದವರು ಎಲ್ಲಿ ಎಂದು ಹೆಂಡತಿ ಕೇಳಿದಳು. ಹಿಂದೆಯೇ ಬರುತ್ತಿದ್ದಾನೆ ಎಂದು ಮೆಕ್ಯಾನಿಕ್ ಹೇಳಿದ. ಒಂದು ಲೋಟ ಚಹಾ ಮುಗಿಯಿತು, ಗೆಳೆಯ ಬರಲಿಲ್ಲ. ಹೋಗಿ ನೋಡಿಬರುತ್ತೇನೆ ಎಂದು ಗೆಳೆಯನ ಹೆಂಡತಿ ಎದ್ದಳು. ಮೆಕ್ಯಾನಿಕ್ ಅವಳನ್ನು ಕೂರಿಸಿದ.

"ಅಂಗಡಿ ಹತ್ರ ನಿಂತಿರ್ತಾನೆ, ತಂಗಿ. ಬೆಳಿಗ್ಗೆ ನೋಡ್ಲಿಲ್ವಾ, ಗಾಜಿಗೆ ಹಣೆ ಅಂಟಿಸ್ಕೊಂಡಿದ್ದ. ಒಬ್ಬನೇ ಒಳಗೆಲ್ಲ ಓಡಾಡಿ ನೋಡ್ಲಿ. ಮನಸ್ಸು ಮಾಡೋ ಹೊತ್ತಲ್ಲಿ ಮನುಷ್ಯನ್ನ ಕರೀಬಾರ್ದು."

ಹೀಗೆ ಹೇಳುವಾಗ ಅವನು ನಿಜವಾಗಿಯೂ ಸುಖವಾಗಿದ್ದ. ಬೆಂಚಿನ ಮುಂದೆ ಕೂತು ಎತ್ತರ ಸರಿಯಿದೆಯೇ ಎಂದು ನೋಡುತ್ತಿರುವ ಗೆಳೆಯ ಅವನಿಗೆ ಕಾಣಿಸುತ್ತಲೂ ಇದ್ದ. ಇನ್ನೊಂದು ಲೋಟ ಚಹಾ ಬಂತು. ಹೆಂಡತಿಗೆ ಕಣ್ಣಲ್ಲೇ ನೋಡಿದೆಯಾ ಎಂದ. ಆಗಲೇ ಕಿಟಕಿಯಾಚೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೀಡಿ ಹಚ್ಚಲು ಬೆಂಕಿಪೆಟ್ಟಿಗೆಗೆಂದು ಜೇಬಿಗೆ ಕೈ ಹಾಕಿದ. ಬೆರಳಿಗೆ ಅಂಗಡಿಯ ಕೀಲಿಕೈ ಸಿಕ್ಕಿತು.

ಅದನ್ನು ಹೊರಗೆ ತೆಗೆದು ನೋಡಿದ. ಅಂಗಡಿಗೆ ಬೀಗ ಹಾಕಿತ್ತು. ಒಳಗೆ ಯಾರೂ ಓಡಾಡುವಂತಿರಲಿಲ್ಲ. ಹೆಂಡತಿ ಅವನ ಮುಖ ನೋಡಿ, ಬಿಲ್ಲೆ ಹಾಕಿದಿರಾ ಎಂದು ಮೆಲ್ಲಗೆ ಕೇಳಿದಳು. ಅವನು ಎದ್ದು ಓಡಿದ.

ಗೇಟಿನಾಚೆ ದಾರಿ ಇರಲಿಲ್ಲ, ನೀರಿತ್ತು. ಮೆಕ್ಯಾನಿಕ್ ಮುದುಕನನ್ನು ಎಳೆದುಕೊಂಡು ಬಂದ, ಬೇಕರಿಯವಳ ಗಂಡ ದೋಣಿ ನೂಕಿದ. ಎಂದೂ ಒಂದೇ ಎಳೆತಕ್ಕೆ ಹೊತ್ತಿಕೊಳ್ಳುವ ಇಂಜಿನ್ ಆವತ್ತು ಮೆಕ್ಯಾನಿಕ್‌ನ ಕೈಗೆ ಹಲವು ಎಳೆತ ತೆಗೆದುಕೊಂಡಿತು. ಹಲಗೆ ತುಂಬಿತ್ತು, ಹಲಗೆ ತುಂಬಿತ್ತಲ್ಲ ಎಂದು ಮುದುಕ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಗುಡ್ಡದ ಮೇಲೆ ಇರುತ್ತಾನೆ, ಚಳಿಗೆ ಮುದುಡಿಕೊಂಡು ನನಗೆ ಬೈಯುತ್ತಾ ಕೂತಿರುತ್ತಾನೆ ಎಂದು ಮೆಕ್ಯಾನಿಕ್ ದೇವರಿಗೆಲ್ಲ ಕೈಮುಗಿಯುತ್ತಾ ಹೋದ.

ಕಾವಲುಮನೆಗೆ ಕಾಲಿಡುವ ಮೊದಲೇ ಸದ್ದು ಕೇಳಿಸಿತು. ಗಡಿಯಾರ ನಡೆಯುತ್ತಿತ್ತು. ಲೋಲಕದ ತುಕ್ಕು ಕೆರೆದು ನೆಲದ ಮೇಲೆ ಬಿದ್ದಿದ್ದನ್ನು ಒಂದು ಮೂಲೆಗೆ ಚೊಕ್ಕಟವಾಗಿ ಗುಡ್ಡೆ ಮಾಡಲಾಗಿತ್ತು. ಮುಳ್ಳುಗಳು ಸರಿಯಾದ ಹೊತ್ತು ತೋರಿಸುತ್ತಿದ್ದವು. ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಚರ್ಮದ ಸುರುಳಿಯನ್ನು ಸುತ್ತಿ, ದಾರ ಕಟ್ಟಿ, ಮೇಲೆ ಧೂಳು ಬೀಳದಂತೆ ಕರವಸ್ತ್ರ ಮುಚ್ಚಿ ಇಟ್ಟಿತ್ತು. ಶಾಲೆಗೆ ಹೋಗುವ ದಿನದಿಂದ ನೋಡಿದ ಗೆಳೆಯ. ಉಪಕರಣ ಬಿಟ್ಟು ಒಂದು ಹೆಜ್ಜೆ ಇಟ್ಟವನಲ್ಲ. ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ, ನಾಳಿದ್ದೂ ಬರುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದರೆ ಮಾತ್ರ ಬಿಟ್ಟು ಹೋಗುತ್ತಾನೆ. ಮೆಕ್ಯಾನಿಕ್‌ಗೆ ಇದು ಅರ್ಥವಾಯಿತು. ಸುರುಳಿಯನ್ನು ಕರವಸ್ತ್ರದ ಸಮೇತ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಸೈರನ್ ಕೂಗಲಿಲ್ಲ, ಅಂದರೆ ಇನ್ನೂ ಹೊತ್ತಿದೆ ಎಂದು ನಂಬಿ ಅವನು ಇಳಿದಿದ್ದ. ಗುಡ್ಡದ ಬುಡ ಒಣಗಿಯೇ ಇದ್ದಿರಬೇಕು. ತಗ್ಗಿನ ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲ.

ಹುಡುಕುವಷ್ಟೂ ಹುಡುಕಿದರು. ದಡದಿಂದ ಪೊಲೀಸರು ಬಂದು ಹೋದರು, ಬೋಟಿನವರು ಬಲೆ ಎಳೆದರು. ಅವನು ಸಿಗಲಿಲ್ಲ. ಗಡಿಯಾರದವನ ತಮ್ಮ ಬಂದು, ನಡೀರಿ ಅತ್ತಿಗೆ, ಇಲ್ಲಿ ಇದ್ದು ಏನು ಮಾಡ್ತೀರಿ ಎಂದು ಅಂಗಲಾಚಿದ. ಅವಳು ಅವನಿಗೆ ಅನ್ನ ಬಡಿಸಿ ಲಾಂಚು ಹತ್ತಿಸಿ ಕಳಿಸಿದಳು. ತಾನು ಹತ್ತಲಿಲ್ಲ. ಅದೇ ಸಂಜೆ ಮೆಕ್ಯಾನಿಕ್‌ನ ಷೆಡ್ಡಿನ ಬಾಗಿಲಿಗೆ ಬಂದು ನಿಂತು ಅಂಗಡಿಯ ಕೀಲಿಕೈ ಕೇಳಿದಳು. ಅವನು ಕೊಟ್ಟ. ತಲೆ ಎತ್ತಲಾಗಲಿಲ್ಲ.

"ನೀವು ಹಲಗೆ ಮುಂದೆ ಮೂರು ಸಲ ಕೈ ಎತ್ತಿದ್ದನ್ನ ನಾನು ನೋಡ್ತಾನೇ ಇದ್ದೆ" ಎಂದಳು. "ಅದೇನು ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಹಿಡ್ಕೋತಿದ್ದೆ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ನಮ್ಮನ್ನ ಯಾಕೆ ಕರೆಸಿದ್ರಿ ಅಂತ ಬೇಕರಿಯವಳು ಹೇಳಿದ್ಲು. ಒಂದು ಮಾತು ಹೇಳಬಾರ್ದಿತ್ತಾ ಅಣ್ಣ? ಅಕ್ಕನ ಜೀವಕ್ಕೋಸ್ಕರ ಅಂದಿದ್ರೆ ಜಾಗ ನೋಡೋಕೂ ಬರ್ತಿರಲಿಲ್ಲ ಅವರು. ನೇರ ಸಾಮಾನು ಕಟ್ಕೊಂಡೇ ಬರ್ತಿದ್ರು."

ಇಷ್ಟು ಹೇಳಿ ಹೋದಳು. ಬೈದಿದ್ದರೆ, ಎದೆಗೆ ಗುದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬಿಚ್ಚಿಟ್ಟ ಇಂಜಿನ್ನಿನ ಮುಂದೆ ಕೂತು ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಮಾರನೇ ದಿನ ಅವಳು ಗೇಟಿಗೆ ಹೋಗಿ, ಗಂಡನ ಬಿಲ್ಲೆ ಯಾವುದೆಂದು ಕೇಳಿದಳು. ಆವತ್ತು ಅವನು ಕೈ ಚಾಚಿದ್ದ ಬಿಲ್ಲೆಯನ್ನು ಮುದುಕ ತೋರಿಸಿದ. ಅವಳು ಅದನ್ನು ಮೊಳೆಯಿಂದ ತೆಗೆದು, ಅವರು ಇನ್ನೂ ಬಂದಿಲ್ಲ ಎಂದು ಹೇಳಿ, ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ತಂದಳು. ಕೊಡಮ್ಮಾ ಎಂದು ಕೇಳಲು ಮುದುಕನಿಗೆ ನಾಲಿಗೆ ಏಳಲಿಲ್ಲ. ಆವತ್ತು ನೀರು ತಿರುಗಿದಾಗ ಅವನು ಹಲಗೆ ನೋಡಿದ. ಒಂದು ಮೊಳೆ ಖಾಲಿ ಇತ್ತು. ಅವನಿಗೆ ಗೊತ್ತಿದ್ದ ಕೆಲಸ ಒಂದೇ. ಸೈರನ್ ಒತ್ತಿದ, ಸಾಕಾಗುವ ತನಕ ಒತ್ತಿದ. ಮರುದಿನವೂ ಒತ್ತಿದ. ಅಂದಿನಿಂದ ದಾರಿ ಮುಚ್ಚುವ ಹೊತ್ತು ಬಂದಾಗಲೆಲ್ಲ ಸೈರನ್ ಕೂಗುತ್ತದೆ. ಬೇಕರಿಯ ಒಲೆಯ ಮುಂದೆ, ಷೆಡ್ಡಿನಲ್ಲಿ, ಬೀದಿಯಲ್ಲಿ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅದು ಮುಗಿಯುವುದನ್ನು ಕಾಯುತ್ತಾರೆ. ನಿಲ್ಲಿಸು ಎಂದು ಹೇಳಿದವರಿಲ್ಲ.

ಮೆಕ್ಯಾನಿಕ್‌ನ ಹೆಂಡತಿ ಗಂಡನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ, ಆವತ್ತು ನಾನೇ ಹೇಳಿಬಿಡಬೇಕಿತ್ತು ರೀ, ನನಗೂ ಬದುಕೋ ಆಸೆ ಇತ್ತು, ಸುಮ್ಮನಿದ್ದೆ ಎಂದಳು. ತಟ್ಟೆಯಲ್ಲಿ ಕಲಸಿದ ಅನ್ನ ಇಬ್ಬರೂ ಉಣ್ಣಲಿಲ್ಲ.

ಎಣಿಕೆಯವನು ಬಂದ. ಮೆಕ್ಯಾನಿಕ್ ಅವನ ಹಿಂದೆ ಮನೆಮನೆಗೂ ನಡೆದ, ಊರಿನವರು ಯಾರಾದರೂ ಜೊತೆಗಿರಬೇಕೆಂಬ ನಿಯಮವಿತ್ತು. ಎಣಿಕೆಯವನು ಹೇಳಿದ್ದಂತೆಯೇ ಪ್ರತಿ ಒಲೆಗೂ ಅಂಗೈ ಹಿಡಿದ. ಬೇಕರಿಯವಳನ್ನು ನೋಡಿ, ಈ ಸಲ ಎಷ್ಟು ಶಾಲು ಇದೆ ತಾಯಿ ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ. ಕೊನೆಗೆ ಸುಣ್ಣ ಬಳಿದ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕರವಸ್ತ್ರ ಮುಚ್ಚಿದ ಚರ್ಮದ ಸುರುಳಿ ಇತ್ತು. ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತು ಅವಳು ಎದ್ದು ಬಂದಳು. ಒಲೆ ಉರಿಯುತ್ತಿತ್ತು, ಮೇಲೆ ಅನ್ನ ಕುದಿಯುತ್ತಿತ್ತು, ಪಕ್ಕದಲ್ಲಿ ಎರಡು ತಟ್ಟೆ ತೊಳೆದು ಬೋರಲು ಹಾಕಿತ್ತು.

ಹೊಸ ಒಲೆ, ಒಳ್ಳೆಯದಾಯಿತು, ನಲವತ್ತಾಯಿತು ಎಂದು ಎಣಿಕೆಯವನು ಖುಷಿಪಟ್ಟ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ.

"ಇಬ್ಬರು" ಎಂದಳು.

ಯಜಮಾನರು ಕಾಣುತ್ತಿಲ್ಲ ಎಂದು ಅವನು ಸುತ್ತ ನೋಡಿದ. ಅವಳು ಮೆಕ್ಯಾನಿಕ್ ಕಡೆ ಒಂದು ಸಲ ಕಣ್ಣು ಹಾಯಿಸಿ, ಅನ್ನದ ಪಾತ್ರೆಯ ಮುಚ್ಚಳ ಸರಿಸಿದಳು.

"ಗುಡ್ಡಕ್ಕೆ ಹೋಗಿದಾರೆ."

ಅಷ್ಟರಲ್ಲಿ ಹಿಂಭಾಗದಿಂದ ಸೈರನ್ ಶುರುವಾಯಿತು. ಎಣಿಕೆಯವನು ಬೆಚ್ಚಿ, ಇದೇನು, ಯಾಕೆ ಕೂಗುತ್ತಿದೆ ಎಂದು ಮೆಕ್ಯಾನಿಕ್‌ನನ್ನು ಕೇಳಿದ. ಆಚೆ ಒಬ್ಬರು ಉಳಿದಿದ್ದಾರೆ ಎಂದು ಮೆಕ್ಯಾನಿಕ್ ಹೇಳಿದ. ಬೇಗ ಬಂದರೆ ಒಳ್ಳೆಯದಪ್ಪ, ಕತ್ತಲಾಗುತ್ತಿದೆ ಎಂದು ಎಣಿಕೆಯವನು ಅಂದು, ನಲವತ್ತು ಎಂದು ಬರೆದುಕೊಂಡು, ಲಾಂಚಿಗೆ ಹೊತ್ತಾಯಿತೆಂದು ಧಕ್ಕೆಯ ಕಡೆ ನಡೆದ.

ಮಾರನೇ ದಿನ ಬೆಳಿಗ್ಗೆ ಲಾಂಚು ಬಂತು. ಮೆಕ್ಯಾನಿಕ್‌ನ ಹೆಂಡತಿ ಅದರಲ್ಲಿ ಆಸ್ಪತ್ರೆಗೆ ಹೋಗಿ, ಸಂಜೆ ವಾಪಸು ಬಂದಳು.